ಕಪ್ಪಾದ ಆಯಿಲ್ ಕೆಟ್ಟಿದೆಯೇ?

ಹೊನ್ನಾವರ–ಕುಮಟಾ ಓಡುವ ಡೀಸೆಲ್ ಟೆಂಪೋಗೆ ಹೊಸ ಆಯಿಲ್ ಹಾಕಿಸಿ ಮೂರು ದಿನವೂ ಆಗಿರುವುದಿಲ್ಲ. ಬೆಳಿಗ್ಗೆ ಗಾಡಿ ತೆಗೆಯುವ ಮೊದಲು ಚಾಲಕ ಆಯಿಲ್ ಕಡ್ಡಿ ಎಳೆದು ಬಟ್ಟೆಗೆ ಒರೆಸಿದರೆ ಕಡುಗಪ್ಪು ಕಲೆ. ಡಬ್ಬಿಯಿಂದ ಸುರಿಯುವಾಗ ಹೊಂಬಣ್ಣದಲ್ಲಿದ್ದ ಎಣ್ಣೆ ಇಷ್ಟು ಬೇಗ ಹೀಗಾಯಿತೇ? ಗ್ಯಾರೇಜಿನಲ್ಲಿ ಹಳೆಯದನ್ನು ಪೂರ್ತಿ ಇಳಿಸಲಿಲ್ಲವೇ, ಡಬ್ಬಿಯೇ ನಕಲಿಯಾಗಿತ್ತೇ ಎಂಬ ಅನುಮಾನ ಹುಟ್ಟುತ್ತದೆ. ಅದೇ ಚಾಲಕನ ಮನೆಯ ಸ್ಕೂಟರಿನ ಆಯಿಲ್ ಮಾತ್ರ ಸಾವಿರ ಕಿಲೋಮೀಟರ್ ದಾಟಿದ ಮೇಲೂ ಕಂದು ಬಣ್ಣದಲ್ಲೇ ಇರುತ್ತದೆ. ಎರಡೂ ಓಡುವುದು ಅದೇ ರಸ್ತೆಯಲ್ಲಿ, ಅದೇ ಧೂಳಿನಲ್ಲಿ.

ಇನ್ನೊಂದು ಒಗಟೂ ಇದಕ್ಕೆ ಅಂಟಿಕೊಂಡಿದೆ. ಬದಲಿಸಲೆಂದು ಇಳಿಸಿದ ಹಳೆಯ ಆಯಿಲನ್ನು ಬೆರಳುಗಳ ನಡುವೆ ಉಜ್ಜಿ ನೋಡಿದರೆ ಜಾರುವಿಕೆ ಹಾಗೆಯೇ ಇರುತ್ತದೆ. ಜಾರುವ ಎಣ್ಣೆಯನ್ನು ಇಳಿಸಿ ಮತ್ತೆ ಜಾರುವ ಎಣ್ಣೆಯನ್ನೇ ತುಂಬಲು ದುಡ್ಡು ಯಾಕೆ ಸುರಿಯಬೇಕು?

ಕರಾವಳಿಯ ಈ ಪಟ್ಟಿಯಲ್ಲಿ ಇದು ಹೊಟ್ಟೆಪಾಡಿನ ಪ್ರಶ್ನೆ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಭಟ್ಕಳದಿಂದ ಶಿರಾಲಿ, ಮಂಕಿ, ಕಾಸರಕೋಡು ದಾಟಿ ಹೊನ್ನಾವರಕ್ಕೆ, ಅಲ್ಲಿಂದ ಕರ್ಕಿ, ಹಳದೀಪುರ, ಧಾರೇಶ್ವರದ ಮೇಲೆ ಕುಮಟಾಕ್ಕೆ ಜನರನ್ನು, ಮೀನನ್ನು, ತೆಂಗನ್ನು ಹೊತ್ತು ಗಾಡಿಗಳು ಓಡುತ್ತಲೇ ಇರುತ್ತವೆ. ಹೊನ್ನಾವರ–ಕುಮಟಾ ಅಂತರ ಸುಮಾರು 20 ಕಿ.ಮೀ. ದಿನಕ್ಕೆ ನಾಲ್ಕು ಸಲ ಹೋಗಿಬಂದರೆ 160 ಕಿ.ಮೀ. ವರ್ಷದಲ್ಲಿ 300 ದಿನ ದುಡಿದರೆ 48,000. ಹತ್ತು ವರ್ಷಕ್ಕೆ ಐದು ಲಕ್ಷದ ಹತ್ತಿರ. ಅಷ್ಟು ಓಟದಲ್ಲಿ ಎಂಜಿನ್ ಸವೆದು ಬೋರಿಗೆ ಬರದಂತೆ ಕಾಯುವುದು ಏನು ಎಂದು ತಿಳಿದರೆ ಎರಡೂ ಒಗಟುಗಳು ಒಟ್ಟಿಗೇ ಬಿಡಿಸಿಕೊಳ್ಳುತ್ತವೆ.

ಎಣ್ಣೆಯ ಮೇಲೆ ತೇಲುವ ಉಕ್ಕು

ಎಂಜಿನ್ನಿನೊಳಗೆ ಕ್ರ್ಯಾಂಕ್ ಎಂಬ ಭಾರದ ಉಕ್ಕಿನ ದಂಡ ಬೇರಿಂಗುಗಳಲ್ಲಿ ತಿರುಗುತ್ತದೆ. ನಿಮಿಷಕ್ಕೆ 2,000 ಸುತ್ತು ಎಂದರೆ ಗಂಟೆಗೆ 1,20,000 ಸುತ್ತು. ಲೋಹಕ್ಕೆ ಲೋಹ ಉಜ್ಜುತ್ತ ಇಷ್ಟು ತಿರುಗಿದರೆ ಬಿಸಿಯೇರಿ ಒಂದಕ್ಕೊಂದು ಕಚ್ಚಿಕೊಳ್ಳಬೇಕು. ಆಯಿಲ್ ಖಾಲಿಯಾದ ಎಂಜಿನ್ ಸೀಝ್ ಆಗುವುದು ಹೀಗೆಯೇ. ಆಯಿಲ್ ಇರುವಾಗ ನಡೆಯುವುದೇ ಬೇರೆ.

ಅದು ಮೊದಲು ಬೆಳಕಿಗೆ ಬಂದದ್ದು 1883ರಲ್ಲಿ, ಇಂಗ್ಲೆಂಡಿನಲ್ಲಿ. ಬೀಚಮ್ ಟವರ್ ಎಂಬ ಎಂಜಿನಿಯರ್ ರೈಲು ಗಾಲಿಗಳ ಬೇರಿಂಗಿಗೆ ಎಣ್ಣೆ ಉಣಿಸುವ ಒಳ್ಳೆಯ ದಾರಿ ಯಾವುದೆಂದು ಪರೀಕ್ಷೆ ನಡೆಸುತ್ತಿದ್ದರು. ಎಣ್ಣೆ ಬಿಡಲೆಂದು ಬೇರಿಂಗಿನ ನೆತ್ತಿಯಲ್ಲಿ ಒಂದು ರಂಧ್ರ ಕೊರೆದರು. ದಂಡ ತಿರುಗತೊಡಗಿದಾಗ ಎಣ್ಣೆ ಒಳಗೆ ಇಳಿಯುವ ಬದಲು ಆ ರಂಧ್ರದಿಂದ ಮೇಲಕ್ಕೆ ಉಕ್ಕಿತು. ಮರದ ಬಿರಡೆ ಜಡಿದರು, ಎಣ್ಣೆ ಅದನ್ನೂ ಹೊರಕ್ಕೆ ತಳ್ಳಿತು. ಕೊನೆಗೆ ಒತ್ತಡದ ಮಾಪಕ ಕೂರಿಸಿ ನೋಡಿದರೆ, ಬೇರಿಂಗಿನ ಮೇಲೆ ಸರಾಸರಿ ಬೀಳುತ್ತಿದ್ದ ಒತ್ತಡದ ಎರಡು ಪಟ್ಟಿಗೂ ಹೆಚ್ಚು ಒತ್ತಡ ಎಣ್ಣೆಯೊಳಗೆ ಹುಟ್ಟಿತ್ತು. ಯಾವ ಪಂಪೂ ಅದನ್ನು ಹುಟ್ಟಿಸಿರಲಿಲ್ಲ. ಎಣ್ಣೆ ತಾನೇ ದಂಡದ ಭಾರವನ್ನು ಎತ್ತಿ ಹಿಡಿದಿತ್ತು.

ಇದರ ಕಾರಣವನ್ನು 1886ರಲ್ಲಿ ಆಸ್ಬರ್ನ್ ರೆನಾಲ್ಡ್ಸ್ ವಿವರಿಸಿದರು. ಬೇರಿಂಗಿನೊಳಗೆ ದಂಡ ನಟ್ಟನಡುವೆ ನಿಲ್ಲುವುದಿಲ್ಲ, ಭಾರಕ್ಕೆ ಒಂದು ಬದಿಗೆ ಸರಿಯುತ್ತದೆ. ಹಾಗಾಗಿ ಅದರ ಸುತ್ತಲಿನ ಸಂದು ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದು. ತಿರುಗುವ ದಂಡ ತನಗೆ ಅಂಟಿದ ಎಣ್ಣೆಯನ್ನು ಅಗಲದ ಕಡೆಯಿಂದ ಕಿರಿದಾದ ಕಡೆಗೆ ಎಳೆದೊಯ್ಯುತ್ತದೆ. ಎಣ್ಣೆ ಮಂದವಾಗಿರುವುದರಿಂದ ಬದಿಗಳಿಂದ ಬೇಗ ಜಾರಿಕೊಳ್ಳಲಾರದು. ಇಕ್ಕಟ್ಟಿಗೆ ಸಿಕ್ಕ ಎಣ್ಣೆಯ ಒತ್ತಡ ಏರಿ ದಂಡವನ್ನು ಮೇಲೆತ್ತುತ್ತದೆ. ಬೆಣೆಯ ಆಕಾರದಲ್ಲಿ ನಿಂತು ಭಾರ ಹೊರುವ ಈ ಪದರವನ್ನು ಎಣ್ಣೆಬೆಣೆ ಎಂದು ಕರೆಯಬಹುದು. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಆದರೆ, ಎಣ್ಣೆಬೆಣೆಯ ಅತಿ ತೆಳುವಾದ ಜಾಗ ಕೆಲವೇ ಮೈಕ್ರಾನ್. ಸಾವಿರಾರು ಕಿಲೋ ಭಾರ ಹೊತ್ತ ಟೆಂಪೋ ಓಡುವುದು ಇಷ್ಟೇ ದಪ್ಪದ ದ್ರವದ ಮೇಲೆ. ಗಾಡಿಯಲ್ಲಿರುವ ಆಯಿಲ್ ಪಂಪಿನ ಕೆಲಸ ಎಣ್ಣೆಯನ್ನು ಅಲ್ಲಿಗೆ ತಲುಪಿಸುವುದಷ್ಟೇ. ಭಾರ ಎತ್ತುವುದು ದಂಡದ ಚಲನೆ ಮತ್ತು ಎಣ್ಣೆಯ ಮಂದತೆ, ಎರಡೂ ಸೇರಿ.

ನಿಂತಲ್ಲೇ ಸವೆತ

ಚಲನೆ ಇಲ್ಲದಿದ್ದರೆ ಎಣ್ಣೆಬೆಣೆಯೂ ಇಲ್ಲ. ಎಂಜಿನ್ನಿನ ಸವೆತದ ಮುಖ್ಯ ಭಾಗ ಇದರಲ್ಲೇ ಅಡಗಿದೆ.

ಪಿಸ್ಟನ್ ಸಿಲಿಂಡರಿನಲ್ಲಿ ಮೇಲೆ ಕೆಳಗೆ ಓಡುವಾಗ ಪ್ರತಿ ಸುತ್ತಿನಲ್ಲಿ ಎರಡು ಕಡೆ, ತುದಿಯಲ್ಲಿ ಮತ್ತು ಬುಡದಲ್ಲಿ, ಕ್ಷಣಮಾತ್ರ ನಿಂತು ಹಿಂದಿರುಗುತ್ತದೆ. ಆ ಕ್ಷಣ ಅದರ ವೇಗ ಸೊನ್ನೆ. ಮೇಲಿನ ತುದಿಯಲ್ಲಿಯಂತೂ ಇಂಧನ ಉರಿಯುವ ಬಿಸಿ ಮತ್ತು ಒತ್ತಡ ಎರಡೂ ಗರಿಷ್ಠ. ಎಣ್ಣೆಬೆಣೆ ಕರಗಿ, ಪಿಸ್ಟನ್ ಸುತ್ತಲಿನ ರಿಂಗಿನ ಲೋಹ ಸಿಲಿಂಡರಿನ ಲೋಹವನ್ನು ಸವರುತ್ತದೆ. ಸವೆದ ಸಿಲಿಂಡರಿನಲ್ಲಿ ಮೆಕ್ಯಾನಿಕರು ಮೇಲಿನ ತುದಿಯ ಹತ್ತಿರ ಬೆರಳಿಗೆ ತಾಗುವ ಏಣು ಹುಡುಕುವುದು ಇದಕ್ಕಾಗಿಯೇ. ಬೆಳಗಿನ ಮೊದಲ ಸ್ಟಾರ್ಟೂ ಹಾಗೆಯೇ. ರಾತ್ರಿಯೆಲ್ಲ ಎಣ್ಣೆ ಎಂಜಿನ್ನಿನ ತಳದ ಚೇಂಬರಿಗೆ ಇಳಿದಿರುತ್ತದೆ, ಅದು ಮೇಲೇರಿ ಎಲ್ಲ ಕಡೆ ತಲುಪುವವರೆಗೆ ಲೋಹಕ್ಕೆ ತೆಳು ಜಿಡ್ಡಿನ ಆಸರೆ ಮಾತ್ರ. ಸ್ಟಾರ್ಟ್ ಮಾಡಿದ ಕೂಡಲೇ ಎಕ್ಸಲರೇಟರ್ ಒತ್ತಬಾರದು ಎನ್ನುವ ಹಳೆಯ ಚಾಲಕರ ಮಾತಿಗೆ ಗಟ್ಟಿ ಆಧಾರವಿದೆ.

ಘಟ್ಟದ ದಾರಿಯಲ್ಲಿ ಇನ್ನೊಂದು ಪರೀಕ್ಷೆ. ಹೊನ್ನಾವರದಿಂದ ಗೇರುಸೊಪ್ಪೆ ದಾಟಿ ಜೋಗದ ಕಡೆಗೆ, ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೋಗುವ ಗಾಡಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರಕ್ಕೆ ಏರಬೇಕು. ಭಾರ ಹೆಚ್ಚು, ಎಣ್ಣೆ ಬಿಸಿಯಾಗಿ ತೆಳು. ಗೇರ್ ಇಳಿಸದೆ ನಿಧಾನಗತಿಯಲ್ಲಿ ಎಂಜಿನ್ನನ್ನು ಉಸಿರುಗಟ್ಟಿಸಿ ಏರಿಸಿದರೆ ದಂಡದ ಸುತ್ತು ಕಡಿಮೆಯಾಗುತ್ತದೆ, ಎಣ್ಣೆಬೆಣೆ ಮತ್ತಷ್ಟು ತೆಳುವಾಗುತ್ತದೆ. ಒಂದು ಗೇರ್ ಇಳಿಸಿ ಸುತ್ತು ಹೆಚ್ಚಿಸಿಕೊಂಡು ಹತ್ತುವುದೇ ಬೇರಿಂಗಿಗೆ ಹಿತ.

ಎಣ್ಣೆಬೆಣೆ ಕೈಕೊಡುವ ಇಂಥ ಕ್ಷಣಗಳಿಗಾಗಿ ಎಣ್ಣೆಯಲ್ಲಿ ಸತು ಮತ್ತು ರಂಜಕ ಸೇರಿದ ಒಂದು ಸಂಯುಕ್ತವನ್ನು ಬೆರೆಸಿರುತ್ತಾರೆ. ಉಜ್ಜುವ ಬಿಸಿಗೆ ಅದು ಒಡೆದು ಲೋಹದ ಮೇಲೆ ಗಾಜಿನಂಥ ಅತಿ ತೆಳು ಪದರ ಕಟ್ಟುತ್ತದೆ. ಉಜ್ಜಿದಾಗ ಸವೆಯುವುದು ಆ ಪದರ, ಉಕ್ಕು ಉಳಿಯುತ್ತದೆ. ಸವೆದ ಜಾಗದಲ್ಲಿ ಎಣ್ಣೆಯಿಂದ ಮತ್ತೆ ಹೊಸ ಪದರ ಏಳುತ್ತದೆ. ಇದು ಸವೆತಗಾವಲು. ಆದರೆ ಪ್ರತಿ ಸಲ ಪದರ ಕಟ್ಟುವಾಗಲೂ ಎಣ್ಣೆಯೊಳಗಿನ ದಾಸ್ತಾನು ಸ್ವಲ್ಪ ಸ್ವಲ್ಪವೇ ಕರಗುತ್ತದೆ.

ಮಸಿ ಬಂದದ್ದು ಎಲ್ಲಿಂದ

ಈಗ ಕಪ್ಪು ಬಣ್ಣದ ಮಾತು. ಪೆಟ್ರೋಲ್ ಎಂಜಿನ್ನಿನಲ್ಲಿ ಇಂಧನ ಸಾಮಾನ್ಯವಾಗಿ ಗಾಳಿಯೊಂದಿಗೆ ಮೊದಲೇ ಬೆರೆತು ಉರಿಯುತ್ತದೆ. ಡೀಸೆಲನ್ನು ಬಿಸಿಯಾದ ಗಾಳಿಗೆ ಹನಿಹನಿಯಾಗಿ ಚಿಮ್ಮಿಸುತ್ತಾರೆ. ಹನಿಯ ಸುತ್ತ ಗಾಳಿ ಸಾಲದ ಕಡೆಗಳಲ್ಲಿ ಇಂಧನದ ಇಂಗಾಲ ಅರೆಬೆಂದು ಮಸಿಯಾಗುತ್ತದೆ. ಅದರ ಬಹುಪಾಲು ಹೊಗೆಯೊಂದಿಗೆ ಹೊರಹೋದರೂ ಒಂದಿಷ್ಟು ಸಿಲಿಂಡರಿನ ಗೋಡೆಗೆ ಅಂಟಿ, ರಿಂಗುಗಳ ಸಂದಿನಿಂದ ಕೆಳಗಿಳಿದು ಆಯಿಲ್ ಸೇರುತ್ತದೆ. ಸ್ಕೂಟರ್ ಮತ್ತು ಟೆಂಪೋಗಳ ಆಯಿಲ್ ಬಣ್ಣ ಬೇರೆಯಾಗಲು ಇದೇ ಕಾರಣ.

ಸೌದೆ ಒಲೆಯ ಮೇಲೆ ಮಸಿ ಹಿಡಿದ ಅನ್ನದ ಚರಿಗೆಯನ್ನು ಸೋಪು ಹಚ್ಚಿ ತೊಳೆಯುವುದನ್ನು ನೆನೆದರೆ ಮುಂದಿನದು ಸುಲಭ. ಚರಿಗೆ ಬೆಳ್ಳಗಾದಂತೆ ತೊಳೆದ ನೀರು ಕಪ್ಪಾಗುತ್ತದೆ. ನೀರು ಕಪ್ಪಾಯಿತೆಂದು ಸೋಪನ್ನು ಯಾರೂ ದೂರುವುದಿಲ್ಲ, ಮಸಿ ಚರಿಗೆ ಬಿಟ್ಟು ನೀರಿಗೆ ಬಂತು ಎಂದೇ ಅರ್ಥ. ಎಂಜಿನ್ ಆಯಿಲಿನಲ್ಲಿ ಸೋಪಿನ ಗುಣದ ಎರಡು ಬಗೆಯ ವಸ್ತುಗಳಿರುತ್ತವೆ. ತಂತ್ರಜ್ಞರು ಡಿಟರ್ಜೆಂಟ್ ಎನ್ನುವ ತೊಳೆಗ, ಬಿಸಿ ಲೋಹದ ಮೇಲೆ ಕಟ್ಟುವ ಕೊಳೆಯನ್ನು ಬಿಡಿಸುತ್ತದೆ. ಡಿಸ್ಪರ್ಸೆಂಟ್ ಎನ್ನುವ ಮಸಿಹಿಡುಕ, ಬಿಟ್ಟುಬಂದ ಪ್ರತಿ ಮಸಿಕಣವನ್ನೂ ಸುತ್ತುವರಿದು, ಕಣಗಳು ಒಂದಕ್ಕೊಂದು ಅಂಟದಂತೆ ಎಣ್ಣೆಯಲ್ಲಿ ತೇಲಿಸಿ ಇಡುತ್ತದೆ. ಹೀಗೆ ಬಿಡಿಬಿಡಿಯಾಗಿ ತೇಲುವ ಕಣ ಎಣ್ಣೆಬೆಣೆಗಿಂತ ಚಿಕ್ಕದು, ಸಂದಿನಲ್ಲಿ ಹಾದುಹೋದರೂ ಲೋಹಕ್ಕೆ ತಾಗದು.

ಮೂರೇ ದಿನದಲ್ಲಿ ಕಪ್ಪಾದ ಡೀಸೆಲ್ ಆಯಿಲ್, ಹಾಗಾದರೆ, ಕೆಟ್ಟ ಆಯಿಲ್ ಅಲ್ಲ. ಅದು ಕೆಲಸಕ್ಕೆ ಇಳಿದ ಆಯಿಲ್. ಎಂಜಿನ್ನಿನ ಮೂಲೆಗಳಲ್ಲಿ ಉಳಿದಿದ್ದ ಸ್ವಲ್ಪ ಹಳೆಯ ಎಣ್ಣೆಯ ಮಸಿ ಸೇರಿದರೂ ಬಣ್ಣ ಕದಡಲು ಅಷ್ಟೇ ಸಾಕು. ನಿಜವಾದ ಅಪಾಯ ಮಸಿಹಿಡುಕ ಮುಗಿದಾಗ ಶುರುವಾಗುತ್ತದೆ. ಸೋಪು ತೀರಿದ ನೀರಿನಲ್ಲಿ ಅದ್ದಿದ ಚರಿಗೆಗೆ ಜಿಡ್ಡು ಮತ್ತೆ ಮೆತ್ತುತ್ತದಲ್ಲ, ಹಾಗೆಯೇ ಮಸಿಕಣಗಳು ಒಂದಕ್ಕೊಂದು ಕೂಡಿ ದಪ್ಪವಾಗಿ, ಗಸಿಯಾಗಿ ಕೆಳಗೆ ಕೂರುತ್ತವೆ. ಗಸಿ ಎಣ್ಣೆ ಹೀರುವ ಜಾಲರಿಯನ್ನು ಮುಚ್ಚಿದರೆ ಬೇರಿಂಗಿಗೆ ಎಣ್ಣೆಯೇ ಏರದು. ಬಣ್ಣ ನೋಡಿ ಮಾತ್ರ ಈ ಗಳಿಗೆಯನ್ನು ಗುರುತಿಸಲಾಗದು. ಮೂರು ದಿನದ ಕಪ್ಪೂ ವರ್ಷದ ಕಪ್ಪೂ ಕಣ್ಣಿಗೆ ಒಂದೇ.

ಹುಳಿ, ಬಿಸಿ, ಕತ್ತರಿ

ಇಂಧನ ಉರಿದಾಗ ಆಮ್ಲಗಳೂ ಹುಟ್ಟುತ್ತವೆ. ಡೀಸೆಲಿನ ಗಂಧಕದಿಂದ ಗಂಧಕಾಮ್ಲ, ಗಾಳಿಯ ಸಾರಜನಕದಿಂದ ನೈಟ್ರಿಕ್ ಆಮ್ಲದ ಬಳಗ. ಇವು ಬೇರಿಂಗಿನ ಮೃದು ಲೋಹವನ್ನು ತಿನ್ನುತ್ತವೆ. ಅದಕ್ಕೆಂದೇ ಎಣ್ಣೆಯಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಸಂಯುಕ್ತಗಳ ಕ್ಷಾರ ತುಂಬಿರುತ್ತಾರೆ. ಆಮ್ಲ ಹುಟ್ಟಿದಂತೆಲ್ಲ ಕ್ಷಾರ ಅದನ್ನು ಶಮನ ಮಾಡಿ ತಾನೂ ಮುಗಿಯುತ್ತ ಹೋಗುತ್ತದೆ. ಭಾರತ್ ಸ್ಟೇಜ್ ಮಾನದಂಡದ ಬಿಎಸ್-3 ಡೀಸೆಲಿನಲ್ಲಿ ಗಂಧಕ ಹತ್ತು ಲಕ್ಷಕ್ಕೆ 350 ಭಾಗದವರೆಗೆ ಇರಬಹುದಿತ್ತು. ಬಿಎಸ್-4ರಲ್ಲಿ ಅದು 50ಕ್ಕೆ, 2020ರ ಏಪ್ರಿಲ್ 1ರಿಂದ ದೇಶವಿಡೀ ಬಂದ ಬಿಎಸ್-6ರಲ್ಲಿ 10ಕ್ಕೆ ಇಳಿಯಿತು. ಹೊಸ ಗಾಡಿಗಳ ಆಯಿಲ್ ಹೆಚ್ಚು ಕಾಲ ಬಾಳಲು ಇದೂ ಒಂದು ಕಾರಣ.

ಬಿಸಿಯ ಕಾಟ ಬೇರೆ. ಬಿಸಿ ಎಣ್ಣೆ ಗಾಳಿಯ ಆಮ್ಲಜನಕದೊಂದಿಗೆ ಕೂಡಿ ಮಂದವಾಗುತ್ತದೆ. ಉಷ್ಣತೆ ಹತ್ತು ಡಿಗ್ರಿ ಏರಿದರೆ ಈ ಕ್ರಿಯೆಯ ವೇಗ ಸರಿಸುಮಾರು ಇಮ್ಮಡಿ. ಅದನ್ನು ತಡೆಯುವ ಕಾವಲು ವಸ್ತುವೂ ಎಣ್ಣೆಯಲ್ಲಿರುತ್ತದೆ, ಅದೂ ಖರ್ಚಾಗುತ್ತದೆ.

ಇನ್ನು ಬೈಕಿನ ಕಥೆ. ಅಂಗಡಿಯಲ್ಲಿ ಸಿಗುವ 900 ಮಿ.ಲೀ. ಡಬ್ಬಿಯ ಆಯಿಲ್ ಹೆಚ್ಚಿನ ಬೈಕುಗಳಲ್ಲಿ ಎಂಜಿನ್, ಕ್ಲಚ್, ಗೇರ್‌ಬಾಕ್ಸ್ ಮೂರನ್ನೂ ನೋಡಿಕೊಳ್ಳಬೇಕು. ತಣ್ಣಗಿರುವಾಗ ತೀರಾ ಮಂದವಾಗದೆ, ಬಿಸಿಯಾದಾಗ ತೀರಾ ತೆಳುವಾಗದೆ ಇರಲಿ ಎಂದು 20ಡಬ್ಲ್ಯೂ-40ರಂಥ ಎಣ್ಣೆಗಳಲ್ಲಿ ಉದ್ದುದ್ದ ಸರಪಳಿಯ ಅಣುಗಳನ್ನು ಸೇರಿಸಿರುತ್ತಾರೆ. ಗೇರಿನ ಹಲ್ಲುಗಳ ನಡುವೆ ಸಿಕ್ಕಿ ಅವು ಕತ್ತರಿಸಿಹೋಗುತ್ತವೆ, ಬಿಸಿಯಾದಾಗ ಎಣ್ಣೆ ತೆಳುವಾಗತೊಡಗುತ್ತದೆ. ಕಾರಿನ ಎಣ್ಣೆಗಿಂತ ಬೈಕಿನ ಎಣ್ಣೆಯನ್ನು ಬೇಗ ಬದಲಿಸಬೇಕಾಗುವುದು ಇದರಿಂದ. ಕಾರಿನ ಆಯಿಲನ್ನು ಬೈಕಿಗೆ ಹಾಕಲೂಬಾರದು. ಅದರಲ್ಲಿರಬಹುದಾದ ಘರ್ಷಣೆ ಇಳಿಸುವ ವಸ್ತು ಕ್ಲಚ್ ಪ್ಲೇಟುಗಳನ್ನೂ ಜಾರಿಸಿಬಿಡುತ್ತದೆ.

ಹೀಗೆ ಎರಡನೆಯ ಒಗಟೂ ಬಿಡಿಸಿಕೊಂಡಿತು. ಬೆರಳಿಗೆ ಜಾರುವುದು ಮೂಲ ಎಣ್ಣೆ, ಅದು ಬಹುಪಾಲು ಉಳಿದೇ ಇರುತ್ತದೆ. ಮುಗಿದಿರುವುದು ಅದರೊಳಗಿನ ಕಾವಲು: ತೊಳೆಗ, ಮಸಿಹಿಡುಕ, ಕ್ಷಾರ, ಸವೆತಗಾವಲು. ಆಯಿಲ್ ಚೇಂಜ್ ಎಂದರೆ ಮಸಿ ಮತ್ತು ಹುಳಿಯನ್ನು ಹೊರಹಾಕಿ ಈ ಕಾವಲನ್ನು ಮತ್ತೆ ಒಳಗೆ ನಿಲ್ಲಿಸುವುದು.

ಓಡದ ಗಾಡಿಗೂ ಬೇಕೇ?

ಭಟ್ಕಳದ ಎಷ್ಟೋ ಮನೆಗಳ ಯಜಮಾನರು ಕೊಲ್ಲಿ ದೇಶಗಳಲ್ಲಿ ದುಡಿಯುತ್ತಾರೆ. ಅವರು ರಜೆಗೆ ಬರುವವರೆಗೆ ಕಾರು ಅಂಗಳದಲ್ಲೇ ನಿಂತಿರುತ್ತದೆ. ಹೊನ್ನಾವರದ ಕಾಸರಕೋಡಿನಲ್ಲಿ, ಕುಮಟಾದ ತದಡಿಯಲ್ಲಿ ಯಾಂತ್ರಿಕ ಮೀನುಗಾರಿಕೆ ದೋಣಿಗಳು ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಕಡಲಿಗೆ ಇಳಿಯುವಂತಿಲ್ಲ. ಓಡದೆ ನಿಂತ ಎಂಜಿನ್ನಿಗೆ ಆಯಿಲ್ ಯಾಕೆ ಎಂದು ಅನ್ನಿಸುವುದು ಸಹಜ. ಆದರೆ ನಿಲ್ಲಿಸುವಾಗ ಒಳಗಿದ್ದ ಹಳೆಯ ಎಣ್ಣೆಯಲ್ಲಿ ಆಮ್ಲವೂ ನೀರೂ ಸೇರಿಕೊಂಡಿರುತ್ತವೆ. ಎರಡು ತಿಂಗಳು ಅವು ಬೇರಿಂಗಿನ ಮೇಲೆ ಕೂತೇ ಇರುತ್ತವೆ. ಹಾಗಾಗಿ ದೋಣಿಯನ್ನು ಮತ್ತೆ ಇಳಿಸುವಾಗ ಬದಲಿಸಿದರಾಯಿತು ಎನ್ನದೆ, ನಿಲ್ಲಿಸುವ ಮೊದಲೇ ಆಯಿಲ್ ಬದಲಿಸುವುದು ಲೇಸು. ನಿಂತ ಕಾರಿಗೂ ಇದೇ ನಿಯಮ. ಮಾರುತಿ ಕಾರುಗಳ ಸರ್ವಿಸ್ ಪುಸ್ತಕ 10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದು ಎನ್ನುವಾಗ ಆ ‘ಒಂದು ವರ್ಷ’ ಬರಿದೇ ಬರೆದದ್ದಲ್ಲ.

ನೀರು ಎಲ್ಲಿಂದ ಬರುತ್ತದೆ? ಇಂಧನದಿಂದಲೇ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು ಒಂದು ಲೀಟರ್ ನೀರು ಆವಿಯಾಗಿ ಹೊರಬರುತ್ತದೆ. ಅದರಲ್ಲಿ ಒಂದಿಷ್ಟು ರಿಂಗು ದಾಟಿ ಆಯಿಲಿಗೆ ಇಳಿಯುತ್ತದೆ. ಎಂಜಿನ್ ಚೆನ್ನಾಗಿ ಬಿಸಿಯಾದರೆ ಅದು ಮತ್ತೆ ಆವಿಯಾಗಿ ಹೋಗುತ್ತದೆ. ಮೀನುಪೇಟೆಗೆ, ಶಾಲೆಗೆ ಎಂದು ಒಂದೆರಡು ಕಿಲೋಮೀಟರ್ ಓಡಿ ನಿಲ್ಲುವ ಸ್ಕೂಟರ್ ಪೂರ್ತಿ ಬಿಸಿಯೇ ಆಗದು. ಅಂಥ ಗಾಡಿಯ ಆಯಿಲ್ ಮುಚ್ಚಳದ ಒಳಬದಿಯಲ್ಲಿ ಮಳೆಗಾಲದಲ್ಲಿ ಬಿಳಿಚು ನೊರೆ ಕಂಡರೆ ಅದು ಹೋಗಲಾಗದೆ ಉಳಿದ ನೀರು. ಕಡಿಮೆ ಓಡುವ ಗಾಡಿ ಎಣ್ಣೆಯನ್ನು ಕಡಿಮೆ ದಣಿಸುತ್ತದೆ ಎನ್ನಲಾಗದು.

2022ರ ಆಗಸ್ಟ್ ಮೊದಲ ದಿನಗಳಲ್ಲಿ ಭಟ್ಕಳ ತಾಲ್ಲೂಕಿನಲ್ಲಿ ಒಂದೇ ದಿನಕ್ಕೆ ಅರ್ಧ ಮೀಟರಿಗೂ ಹೆಚ್ಚು ಮಳೆ ಸುರಿದು ಪಟ್ಟಣ ಜಲಾವೃತವಾಯಿತು. ಇಂಥ ನೆರೆಯಲ್ಲಿ ಮುಳುಗಿದ ಗಾಡಿಯನ್ನು ಸ್ಟಾರ್ಟ್ ಮಾಡಿ ನೋಡುವ ಆತುರವೇ ಅದನ್ನು ಕೊಲ್ಲುತ್ತದೆ. ನೀರಿನ ಮಂದತೆ ಬಿಸಿ ಎಣ್ಣೆಯ ಹತ್ತನೇ ಒಂದು ಪಾಲೂ ಇಲ್ಲ, ಅದು ಎಣ್ಣೆಬೆಣೆ ಕಟ್ಟಲಾರದು. ಸಿಲಿಂಡರಿನೊಳಗೆ ನೀರು ನಿಂತಿದ್ದರೆ ಅದು ಅದುಮಿಸಿಕೊಳ್ಳದು, ಪಿಸ್ಟನ್ನಿನ ದಂಡವೇ ಬಾಗುತ್ತದೆ. ಕೀಲಿ ತಿರುಗಿಸದೆ ಗ್ಯಾರೇಜಿಗೆ ಎಳೆಸಿ, ಮೊದಲು ಚೇಂಬರ್ ಖಾಲಿ ಮಾಡಿಸಬೇಕು.

ಲಕ್ಷಗಳು ದಾಟಿದ ಮೇಲೆ

ಓಟ ಹೆಚ್ಚಾದ ಎಂಜಿನ್ನಿನಲ್ಲಿ ರಿಂಗುಗಳು ಸವೆದು ಹೊಗೆ ಕೆಳಗೆ ಹೆಚ್ಚು ಸೋರುತ್ತದೆ, ವಾಲ್ವ್‌ಗಳ ರಬ್ಬರ್ ಸೀಲ್‌ಗಳು ಗಟ್ಟಿಯಾಗಿ ಎಣ್ಣೆ ಸಿಲಿಂಡರಿಗೆ ಇಳಿಯುತ್ತದೆ. ಸೈಲೆನ್ಸರಿನಿಂದ ನೀಲಿ ಹೊಗೆ ಬಂದರೆ ಎಣ್ಣೆ ಉರಿಯುತ್ತಿದೆ. ಕಪ್ಪು ಹೊಗೆ ಎಂದರೆ ಡೀಸೆಲ್ ಅರೆಬೇಯುತ್ತಿದೆ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಕೂಲಂಟ್ ಒಳಗೆ ಸೋರುತ್ತಿರಬಹುದು. ಹಳೆಯ ಗಾಡಿಗೆ ಈಗ ಎರಡು ಹೊರೆ: ಕಡಿಮೆಯಾದ ಎಣ್ಣೆ, ಅದೇ ಹೊತ್ತಿಗೆ ಹೆಚ್ಚಾದ ಮಸಿ. ಮಟ್ಟ ಇಳಿದಾಗ ಟಾಪ್-ಅಪ್ ಮಾಡುತ್ತ ಹೋದರೆ ಸಾಕು ಎನ್ನುವವರಿದ್ದಾರೆ. ಟಾಪ್-ಅಪ್ ಬೇಕೇ ಬೇಕು, ಆದರೆ ಒಳಗಿನ ಮಸಿಯನ್ನೂ ಆಮ್ಲವನ್ನೂ ಅದು ಹೊರಹಾಕದು. ಹಳೆಯ ಎಂಜಿನ್ನಿಗೆ ಆಯಿಲ್ ಬದಲಿಸುವ ಅಂತರ ಹಿಗ್ಗಬಾರದು, ಕುಗ್ಗಬೇಕು. ವಾರಕ್ಕೊಮ್ಮೆ, ಸಮತಟ್ಟು ಜಾಗದಲ್ಲಿ, ಎಂಜಿನ್ ನಿಲ್ಲಿಸಿ ಸ್ವಲ್ಪ ಹೊತ್ತಾದ ಮೇಲೆ ಕಡ್ಡಿ ನೋಡುವುದು ಅತ್ಯಂತ ಅಗ್ಗದ ಪರೀಕ್ಷೆ. ಬಣ್ಣಕ್ಕಿಂತ ಮಟ್ಟ ಮುಖ್ಯ. ಮಟ್ಟ ತಾನಾಗಿ ಏರಿದ್ದರೆ ಇನ್ನೂ ಎಚ್ಚರ ಬೇಕು, ಡೀಸೆಲ್ ಅಥವಾ ಕೂಲಂಟ್ ಎಣ್ಣೆಗೆ ಸೇರುತ್ತಿದೆ ಎಂದೇ ಅದರ ಅರ್ಥ.

ಈ ಶಿಸ್ತು ಎಲ್ಲಿಯವರೆಗೆ ಒಯ್ಯಬಲ್ಲದು ಎಂಬುದಕ್ಕೆ ಅಮೆರಿಕದ ಶಾಲಾ ಶಿಕ್ಷಕ ಇರ್ವ್ ಗಾರ್ಡನ್ ಸಾಕ್ಷಿ. 1966ರಲ್ಲಿ ಕೊಂಡ ವೋಲ್ವೋ ಕಾರನ್ನು ಅವರು 2013ರಲ್ಲಿ 30 ಲಕ್ಷ ಮೈಲಿ, ಅಂದರೆ 48 ಲಕ್ಷ ಕಿಲೋಮೀಟರ್ ದಾಟಿಸಿದರು. ಅವರ ಗುಟ್ಟು ಸರಳ: ಸರ್ವಿಸ್ ಪುಸ್ತಕ ಹೇಳಿದ್ದನ್ನು ತಪ್ಪದೆ ಮಾಡುವುದು, ಸುಮಾರು 5,000 ಕಿ.ಮೀ.ಗೊಮ್ಮೆ ಆಯಿಲ್ ಬದಲಿಸುವುದು.

ಬಣ್ಣ ಹೇಳದ್ದನ್ನು ಪ್ರಯೋಗಾಲಯ ಹೇಳುತ್ತದೆ. ಭಾರತೀಯ ರೈಲ್ವೆಯ ಡೀಸೆಲ್ ಶೆಡ್‌ಗಳಲ್ಲಿ ಎಂಜಿನ್ನಿನ ಎಣ್ಣೆಯ ಮಾದರಿ ತೆಗೆದು, ಅದನ್ನು ಉರಿಸಿ ಹೊಮ್ಮುವ ಬೆಳಕಿನಿಂದ ಯಾವ ಲೋಹ ಎಷ್ಟಿದೆ ಎಂದು ಅಳೆಯುತ್ತಾರೆ. ಕಬ್ಬಿಣ ಹೆಚ್ಚಿದ್ದರೆ ಸಿಲಿಂಡರ್, ತಾಮ್ರ ಮತ್ತು ಸೀಸ ಹೆಚ್ಚಿದ್ದರೆ ಬೇರಿಂಗ್, ಸಿಲಿಕಾನ್ ಹೆಚ್ಚಿದ್ದರೆ ಏರ್ ಫಿಲ್ಟರ್ ದಾಟಿ ಬಂದ ಧೂಳು. ಎಂಜಿನ್ ಬಿಚ್ಚದೆಯೇ ಒಳಗೆ ಏನು ಸವೆಯುತ್ತಿದೆ ಎಂದು ತಿಳಿಯುತ್ತದೆ. ಕೊಂಕಣ ರೈಲು ಮಾರ್ಗ 2022ರಲ್ಲಿ ಪೂರ್ತಿ ವಿದ್ಯುದೀಕರಣಗೊಳ್ಳುವವರೆಗೆ ಕುಮಟಾ, ಹೊನ್ನಾವರ, ಭಟ್ಕಳ ನಿಲ್ದಾಣಗಳಲ್ಲಿ ಹಾದುಹೋಗುತ್ತಿದ್ದದ್ದು ಡೀಸೆಲ್ ಎಂಜಿನ್‌ಗಳೇ.

ಇಳಿಸಿದ ಎಣ್ಣೆಯ ಮುಂದಿನ ದಾರಿ

ಚೇಂಬರಿನಿಂದ ಇಳಿಸಿದ ಎಣ್ಣೆ ಎಲ್ಲಿಗೆ ಹೋಗುತ್ತದೆ ಎಂಬುದೂ ಈ ವಿಜ್ಞಾನದ ಭಾಗವೇ. ಅದರಲ್ಲಿ ಸವೆದ ಲೋಹಗಳಿವೆ, ಅರೆಬೆಂದ ಇಂಧನದ ಕ್ಯಾನ್ಸರ್‌ಕಾರಕ ಅಣುಗಳಿವೆ. ಗೆದ್ದಲು ಹತ್ತದಿರಲೆಂದು ಬರಿಗೈಯಲ್ಲಿ ಮರಕ್ಕೆ ಬಳಿಯುವಾಗ ಅದು ಚರ್ಮ ಸೇರುತ್ತದೆ. ಗಟಾರಕ್ಕೆ ಸುರಿದರೆ ಮಳೆಯೊಂದಿಗೆ ಶರಾವತಿಗೋ ಅಘನಾಶಿನಿಗೋ ಸೇರುತ್ತದೆ. 2024ರ ಜನವರಿಯಲ್ಲಿ ರಾಮ್ಸರ್ ತಾಣ, ಅಂದರೆ ಜಾಗತಿಕ ಮಹತ್ವದ ಜೌಗುನೆಲ, ಎನಿಸಿದ ಅಘನಾಶಿನಿ ಅಳಿವೆಯಲ್ಲಿ ಬಳಚು ಹೆಕ್ಕಿ ಬದುಕುವ ಕುಟುಂಬಗಳಿವೆ. ಬಳಚು ನೀರನ್ನು ಸೋಸಿ ತಿನ್ನುವ ಜೀವಿ, ನೀರಿಗೆ ಬಂದ ವಿಷ ಅದರ ಮೈಯಲ್ಲಿ ಉಳಿಯುತ್ತದೆ. ಒಂದು ಸಲದ ಆಯಿಲ್ ಚೇಂಜಿನಲ್ಲಿ ಇಳಿದ ಎಣ್ಣೆ ಹತ್ತು ಲಕ್ಷ ಗ್ಯಾಲನ್, ಅಂದರೆ ಸುಮಾರು 38 ಲಕ್ಷ ಲೀಟರ್ ಸಿಹಿನೀರನ್ನು ಕೆಡಿಸಬಲ್ಲದು ಎಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಎಚ್ಚರಿಸಿದೆ.

ನಮ್ಮ ದೇಶದ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಬಳಸಿದ ಎಣ್ಣೆ ಪರವಾನಗಿ ಪಡೆದ ಮರುಸಂಸ್ಕರಣಾ ಘಟಕಕ್ಕೇ ಹೋಗಬೇಕು. ಅದರ ಮರುಬಳಕೆಯ ಹೊಣೆಯನ್ನು 2024ರ ಏಪ್ರಿಲ್‌ನಿಂದ ತಯಾರಕ ಕಂಪನಿಗಳ ಮೇಲೂ ಹೊರಿಸಲಾಗಿದೆ. ಆ ಘಟಕಗಳಲ್ಲಿ ಎಣ್ಣೆಯಿಂದ ನೀರು, ಇಂಧನ, ಮಸಿ, ಮುಗಿದ ಕಾವಲು ವಸ್ತು ಎಲ್ಲವನ್ನೂ ಬೇರ್ಪಡಿಸಿ ಬಟ್ಟಿ ಇಳಿಸಿದಾಗ ಮತ್ತೆ ಶುದ್ಧ ಮೂಲ ಎಣ್ಣೆ ಸಿಗುತ್ತದೆ. ಹೊಸ ಕಾವಲು ಬೆರೆಸಿದರೆ ಅದು ಮತ್ತೊಂದು ಎಂಜಿನ್ನಿಗೆ ಸಿದ್ಧ. ಒಂದು ಗ್ಯಾಲನ್ ಬಳಸಿದ ಎಣ್ಣೆಯಿಂದ ಸಿಗುವಷ್ಟು ಮೂಲ ಎಣ್ಣೆ ಪಡೆಯಲು 42 ಗ್ಯಾಲನ್ ಕಚ್ಚಾ ತೈಲ ಬೇಕು ಎನ್ನುತ್ತದೆ ಅದೇ ಅಮೆರಿಕದ ಸಂಸ್ಥೆ. ಭಟ್ಕಳದಿಂದ ಕುಮಟಾದವರೆಗಿನ ಗ್ಯಾರೇಜುಗಳು ಇಳಿಸಿದ ಎಣ್ಣೆಯನ್ನು ಗ್ರೀಸ್, ಕೂಲಂಟ್, ನೀರು ಬೆರೆಸದೆ ಮುಚ್ಚಿದ ಪೀಪಾಯಿಯಲ್ಲಿ ಕೂಡಿಟ್ಟು, ನೋಂದಾಯಿತ ಸಂಗ್ರಾಹಕರಿಗೆ ತೂಗಿ ಕೊಟ್ಟು ಚೀಟಿ ಪಡೆದರೆ ಆ ಲೆಕ್ಕ ಇಲ್ಲಿಂದಲೇ ಶುರುವಾಗುತ್ತದೆ.